ಡಾಲ್ಫಿನ್ ಕಾಣದಿದ್ದರೂ ದೋಣಿಯ ದುಡ್ಡು ಕೊಡೋಣ

ಕಡಲು ಕಾಣದ ಸೀಮೆಯವರಿಗೆ ಕಡಲಿನ ಮೇಲೆ ಆಸೆ ಹೆಚ್ಚು. ನಂಜನಗೂಡು, ತಿ. ನರಸೀಪುರ ಕಡೆಯ ಊರುಗಳಿಂದ ದಸರಾ ರಜೆಗೋ ಬೇಸಿಗೆ ರಜೆಗೋ ಟಿ.ಟಿ. ಗಾಡಿ ಮಾಡಿಕೊಂಡು ಹೊರಡುವವರ ದಾರಿ ಹೆಚ್ಚುಕಡಿಮೆ ಗೊತ್ತಿರುವಂಥದ್ದೇ: ಧರ್ಮಸ್ಥಳ, ಕೊಲ್ಲೂರು, ಮುರುಡೇಶ್ವರ, ಗೋಕರ್ಣ, ದಿನವೂ ದುಡ್ಡೂ ಉಳಿದರೆ ಕಾರವಾರ, ಗೋವಾ. ಕೈಯಲ್ಲಿ ನಾಲ್ಕು ಕಾಸು ಓಡಾಡುವ ಮನೆಗಳವರು ಈಗ ಲಕ್ಷದ್ವೀಪ, ಅಂಡಮಾನ್, ಶ್ರೀಲಂಕಾಕ್ಕೂ ಹೋಗಿಬರುತ್ತಾರೆ. ನಂಜನಗೂಡು ಕಡೆಯ ಹೆಮ್ಮರಗಾಲದಿಂದ ಕಾರವಾರಕ್ಕೆ ಸುಮಾರು 500 ಕಿ.ಮೀ. ಅಷ್ಟು ದೂರ ಬಂದವರನ್ನು ದಡದಲ್ಲಿ ಮೊದಲು ಎದುರುಗೊಳ್ಳುವುದು ಡಾಲ್ಫಿನ್ ತೋರಿಸುತ್ತೇವೆ ಎನ್ನುವ ದೋಣಿಯವರ ಮಾತು. ಗೋವಾದ ಕಡಲತೀರಗಳಲ್ಲಂತೂ ‘ಡಾಲ್ಫಿನ್ ಕಾಣದಿದ್ದರೆ ದುಡ್ಡು ಬೇಡ’ ಎಂಬ ಜಾಹೀರಾತು ಹಳೆಯದು. ಗಿರಾಕಿಗೆ ಇದಕ್ಕಿಂತ ನ್ಯಾಯವಾದ ಕರಾರು ಇನ್ನೊಂದಿಲ್ಲ ಅನ್ನಿಸುತ್ತದೆ. ಆದರೆ ನಮ್ಮ ಕರಾವಳಿಯ ಡಾಲ್ಫಿನ್‌ಗಳಿಗೆ ಪ್ರವಾಸಿಗರಿಂದ ಆಗುತ್ತಿರುವ ಕೆಡುಕಿನ ಬೇರು ಇರುವುದು ಈ ಕರಾರಿನಲ್ಲೇ. ಕಂಡರೆ ಮಾತ್ರ ದುಡ್ಡು ಎಂದ ಮೇಲೆ ದೋಣಿಯವನು ಕಾಣುವವರೆಗೂ ಹುಡುಕಲೇಬೇಕು, ಕಂಡ ಮೇಲೆ ಹತ್ತಿರ ಹೋಗಲೇಬೇಕು, ಅದು ಮುಳುಗಿದರೆ ಎಲ್ಲಿ ಏಳುತ್ತದೋ ಅಲ್ಲಿಗೆ ಮುಂಚೆಯೇ ಓಡಬೇಕು. ನಾವು ಕೊಡಬೇಕಾದದ್ದು ಕಡಲಯಾನದ ಬಾಡಿಗೆಯನ್ನೇ ಹೊರತು ಪ್ರಾಣಿಯ ದರ್ಶನದ ಬೆಲೆಯನ್ನಲ್ಲ.

ದೋಣಿಯಲ್ಲಿ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹತ್ತು ಹನ್ನೆರಡು ಜನ ಲೈಫ್ ಜಾಕೆಟ್ ತೊಟ್ಟು ಕೂತಿರುತ್ತಾರೆ, ಹಿಂದೆ ಔಟ್‌ಬೋರ್ಡ್ ಎಂಜಿನ್. ಯಾರೋ ‘ಅಗೋ ಅಲ್ಲಿ’ ಎಂದು ಕೂಗಿದ ಕೂಡಲೇ ಎಲ್ಲರೂ ಒಂದೇ ಮಗ್ಗುಲಿಗೆ ವಾಲಿ ಮೊಬೈಲ್ ಎತ್ತುತ್ತಾರೆ. ದೋಣಿಯವನು ಎಂಜಿನ್ ಜೋರು ಮಾಡಿ ಅತ್ತ ತಿರುಗಿಸುತ್ತಾನೆ. ಇದು ತಿರುಗಿದ್ದನ್ನು ಕಂಡು ಅರ್ಧ ಕಿ.ಮೀ. ಆಚೆಗಿರುವ ಇನ್ನೆರಡು ದೋಣಿಗಳೂ ಅದೇ ಕಡೆಗೆ ಹೊರಡುತ್ತವೆ. ನೀರಿನ ಮೇಲೆ ಮೊದಲು ಉದ್ದ ಮೂತಿ ಏಳುತ್ತದೆ, ಆಮೇಲೆ ಬೆನ್ನಿನ ಡುಬ್ಬ, ಅದರ ಮೇಲೊಂದು ಸಣ್ಣ ರೆಕ್ಕೆ. ಉಸಿರು ಬಿಟ್ಟ ಸದ್ದು ಕೇಳುವಷ್ಟರಲ್ಲಿ ಬೆನ್ನು ಬಾಗಿಸಿ ಮುಳುಗಿರುತ್ತದೆ. ಡಾಲ್ಫಿನ್ ಮೀನಲ್ಲ, ನಮ್ಮ ಹಾಗೆ ಗಾಳಿ ಸೇದುವ, ಮರಿಗೆ ಹಾಲೂಡಿಸುವ ಪ್ರಾಣಿ. ನೀರಿನ ಮೇಲೆ ಬರುವುದು ನಮಗೆ ಮುಖ ತೋರಿಸಲಿಕ್ಕಲ್ಲ, ಉಸಿರಿಗೆ. ಉಸಿರಾಡಲು ಎದ್ದ ಜಾಗದಲ್ಲೆಲ್ಲ ಮೂರು ಎಂಜಿನ್‌ಗಳು ಕಾದಿದ್ದರೆ ಅದು ಹೆಚ್ಚು ಹೊತ್ತು ಮುಳುಗಿರಬೇಕು, ದಿಕ್ಕು ಬದಲಿಸಬೇಕು, ಗುಂಪು ಚದುರಬೇಕು. ಇದರ ಮೇಲೆ ಸದ್ದು. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್, ಗಾಳಿಯಲ್ಲಿರುವುದರ ನಾಲ್ಕು ಪಟ್ಟಿಗೂ ಹೆಚ್ಚು. ಕಲಕಿದ ನೀರಿನಲ್ಲಿ ಬೇಟೆ ಹುಡುಕುವುದಕ್ಕೂ ತಾಯಿ–ಮರಿ ಒಂದನ್ನೊಂದು ಕರೆಯುವುದಕ್ಕೂ ಡಾಲ್ಫಿನ್‌ಗೆ ಇರುವ ಸಾಧನ ಶಬ್ದವೊಂದೇ.

ಕಾರವಾರದ ಕಾಳಿ ಅಳಿವೆಯ ಸುತ್ತ, ದೇವಬಾಗ ಮತ್ತು ಕೂರ್ಮಗಡದ ನಡುವಿನ ನೀರಿನಲ್ಲಿ, ಗೋಕರ್ಣದ ಗುಡ್ಡಗಳ ಕೆಳಗೆ ಪ್ರವಾಸಿಗರು ಸಾಮಾನ್ಯವಾಗಿ ನೋಡುವುದು ಹಿಂದೂ ಮಹಾಸಾಗರದ ಹಂಪ್‌ಬ್ಯಾಕ್ ಡಾಲ್ಫಿನ್‌ಗಳನ್ನು. ಸಿನಿಮಾದಲ್ಲಿ ಕಾಣುವಂತೆ ಆಳಸಮುದ್ರದಲ್ಲಿ ನೂರಾರು ಸೇರಿ ಜಿಗಿದಾಡುವ ಜಾತಿ ಇದಲ್ಲ. ದಕ್ಷಿಣ ಆಫ್ರಿಕಾದಿಂದ ಭಾರತದವರೆಗಿನ ಕರಾವಳಿಯುದ್ದಕ್ಕೂ ದಡಕ್ಕೆ ಅಂಟಿಕೊಂಡೇ ಬದುಕುತ್ತದೆ. 25–30 ಮೀಟರ್‌ಗಿಂತ ಆಳಕ್ಕೆ ಹೋಗುವುದು ಕಡಿಮೆ. ನದಿಯ ಸಿಹಿನೀರು ಕಡಲು ಸೇರುವ ಅಳಿವೆಗಳು ಅದರ ಊಟದ ಜಾಗ. ಅಂದರೆ ಬಂದರು, ಬಲೆ, ಕೊಳಚೆ, ಪ್ರವಾಸಿ ದೋಣಿ ಎಲ್ಲವೂ ಕಿಕ್ಕಿರಿದಿರುವ ಆ ಕಿರಿದಾದ ಪಟ್ಟಿಯೇ ಅದರ ಇಡೀ ಮನೆ. ದೋಣಿಯ ಕಾಟಕ್ಕೆ ಬೇಸತ್ತು ಆಳಕ್ಕೆ ಹೋಗಿ ಬದುಕಿಕೊಳ್ಳಲಿ ಎನ್ನುವಂತಿಲ್ಲ, ಅಲ್ಲಿ ಅದಕ್ಕೆ ಬದುಕಿಲ್ಲ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಈ ಜಾತಿಯನ್ನು ಅಳಿವಿನಂಚಿನ ಪಟ್ಟಿಯಲ್ಲಿಟ್ಟಿದೆ. ಹುಲಿಗೆ ಕೊಟ್ಟಿರುವುದೂ ಅದೇ ಪಟ್ಟಿಯ ಅದೇ ದರ್ಜೆ.

ಹೆಣ್ಣು ಡಾಲ್ಫಿನ್ ಮರಿ ಹಾಕುವ ವಯಸ್ಸಿಗೆ ಬರಲು ಸುಮಾರು ಹತ್ತು ವರ್ಷ ಬೇಕು. ಗರ್ಭ ಹೊರುವುದು ಹತ್ತರಿಂದ ಹನ್ನೆರಡು ತಿಂಗಳು, ಹೆರುವುದು ಒಂದೇ ಮರಿ, ಮುಂದಿನ ಮರಿಗೆ ಸುಮಾರು ಮೂರು ವರ್ಷದ ಅಂತರ. ಹೆಮ್ಮರಗಾಲದ ಸಂತಾನ ವೇಣುಗೋಪಾಲಸ್ವಾಮಿಯ ಸನ್ನಿಧಿಗೆ ಮಗುವಿಗಾಗಿ ಹರಕೆ ಹೊತ್ತು ಬರುವ ದಂಪತಿಗಳನ್ನು ಕಂಡವರಿಗೆ, ಒಂದು ಕೂಸಿನ ಮೇಲೆ ಎಷ್ಟು ವರ್ಷಗಳ ಕಾಯುವಿಕೆ ನಿಂತಿರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಡಾಲ್ಫಿನ್ ಮರಿ ತಾಯಿಯ ಮಗ್ಗುಲಲ್ಲೇ, ತಾಯಿಯ ಈಜಿನಿಂದ ಏಳುವ ಸೆಳೆತ ಹಿಡಿದು ಸಾಗುತ್ತದೆ. ತಾಯಿಗಿಂತ ಹೆಚ್ಚು ಸಲ ಉಸಿರಿಗೆ ಮೇಲೆ ಬರಬೇಕು. ಹಾಲು ಕುಡಿಯುವುದು ನೀರಿನೊಳಗೆ, ಒಂದು ಸಲಕ್ಕೆ ಕೆಲವೇ ಸೆಕೆಂಡು. ತಾಯಿ ಪದೇ ಪದೇ ದಿಕ್ಕು ಬದಲಿಸಿ ಓಡುವಂತಾದರೆ ಮರಿಗೆ ಹಾಲೂ ತಪ್ಪುತ್ತದೆ, ಆಸರೆಯೂ ತಪ್ಪುತ್ತದೆ. ದೋಣಿ ಬಡಿದು ಸತ್ತರೆ ಹೆಣ ದಡಕ್ಕೆ ಬಂದು ಸುದ್ದಿಯಾಗುತ್ತದೆ. ಹೀಗೆ ಸೊರಗಿದ ಮರಿಯ ಲೆಕ್ಕ ಯಾರ ಕಣ್ಣಿಗೂ ಬೀಳುವುದಿಲ್ಲ.

ಇದು ಬರೀ ಊಹೆಯಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಕೊಲ್ಲಿಯಲ್ಲಿ ಲಾರ್ಸ್ ಬೇಡರ್ ಮತ್ತು ಸಂಗಡಿಗರು ಪ್ರವಾಸಿ ದೋಣಿಗಳು ಇಲ್ಲದಿದ್ದಾಗ, ಒಂದಿದ್ದಾಗ, ಎರಡಾದಾಗ ಡಾಲ್ಫಿನ್‌ಗಳ ಸಂಖ್ಯೆ ಹೇಗಿತ್ತೆಂದು ಹೋಲಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ದೋಣಿ ಎರಡಾದ ಅವಧಿಯಲ್ಲಿ, ಆ ದೋಣಿಗಳು ಓಡಾಡುವ ಜಾಗದಲ್ಲಿ ಡಾಲ್ಫಿನ್‌ಗಳು ಸರಾಸರಿ ಶೇ 14.9ರಷ್ಟು ಕಡಿಮೆಯಾಗಿದ್ದವು. ಗಮನಿಸಬೇಕಾದದ್ದು, ಅಲ್ಲಿದ್ದದ್ದು ಎರಡೇ ಪರವಾನಗಿ, ಅದೂ ನಿಯಮಗಳಿಗೆ ಒಳಪಟ್ಟದ್ದು. ಸರ್ಕಾರ ಆ ಅಧ್ಯಯನವನ್ನು ಒಪ್ಪಿ ಒಂದು ಪರವಾನಗಿಯನ್ನು ಹಿಂದಕ್ಕೆ ಪಡೆಯಿತು. ನ್ಯೂಜಿಲೆಂಡ್‌ನ ಬೇ ಆಫ್ ಐಲ್ಯಾಂಡ್ಸ್‌ನದು ಇನ್ನೂ ಕಹಿಯಾದ ಕಥೆ. ದ್ವೀಪಗಳ ನಡುವಿನ ಆ ಚೆಲುವಾದ ಕೊಲ್ಲಿಗೆ ಬರುವ ಬಾಟಲ್‌ನೋಸ್ ಡಾಲ್ಫಿನ್‌ಗಳು 1999ರಿಂದ ಶೇ 66ರಷ್ಟು ಕುಸಿದಿವೆ, ಹುಟ್ಟಿದ ಮರಿಗಳಲ್ಲಿ ಶೇ 75ರಷ್ಟು ಸಾಯುತ್ತಿವೆ ಎಂದು 2019ರಲ್ಲಿ ಅಲ್ಲಿನ ಸಂರಕ್ಷಣಾ ಇಲಾಖೆ ಹೇಳಿ, ಅವುಗಳ ಜೊತೆ ಈಜುವುದನ್ನು ನಿಷೇಧಿಸಿತು. ನೋಡಲು ಬಂದವರು ದ್ವೇಷದಿಂದ ಬಂದವರಲ್ಲ; ಪ್ರೀತಿಯಿಂದಲೇ ಬಂದು, ವಿಶ್ರಾಂತಿಗೂ ಊಟಕ್ಕೂ ಸಮಯ ಬಿಡದಷ್ಟು ಹೊತ್ತು ನಿಂತರು. ಹವಾಯಿ ದ್ವೀಪಗಳಲ್ಲಿ ಸ್ಪಿನ್ನರ್ ಡಾಲ್ಫಿನ್‌ಗಳು ರಾತ್ರಿ ಆಳದಲ್ಲಿ ಬೇಟೆಯಾಡಿ ಹಗಲು ದಡದ ಕೊಲ್ಲಿಗಳಿಗೆ ಮಲಗಲು ಬರುತ್ತವೆ. ಪ್ರವಾಸಿಗರು ನೀರಿಗಿಳಿಯುವುದೂ ಅದೇ ಹಗಲಿನಲ್ಲಿ. 2021ರಲ್ಲಿ ಅಮೆರಿಕ ಸರ್ಕಾರ ದಡದಿಂದ ಎರಡು ನಾಟಿಕಲ್ ಮೈಲಿಯೊಳಗೆ ಅವುಗಳಿಗೆ ಸುಮಾರು 45 ಮೀಟರ್‌ಗಿಂತ ಹತ್ತಿರ ಯಾರೂ ಹೋಗಕೂಡದೆಂದು ಕಾನೂನು ಮಾಡಿತು. ಲಕ್ಷದ್ವೀಪದ ಸುತ್ತ ಕಾಣುವುದೂ ಇದೇ ಸ್ಪಿನ್ನರ್ ಡಾಲ್ಫಿನ್.

ತಿಮಿಂಗಿಲದ ವಿಷಯಕ್ಕೆ ಬಂದರೆ ನಮಗೆ ಹತ್ತಿರದ ಪಾಠ ಶ್ರೀಲಂಕಾದ ಮಿರಿಸ್ಸಾ. 2009ರಲ್ಲಿ ಅಂತರ್ಯುದ್ಧ ಮುಗಿದ ಮೇಲೆ ನೀಲಿ ತಿಮಿಂಗಿಲ ನೋಡುವ ಪ್ರವಾಸ ಅಲ್ಲಿ ಕೆಲವೇ ವರ್ಷಗಳಲ್ಲಿ ದೊಡ್ಡ ವ್ಯಾಪಾರವಾಯಿತು. ಒಂದೇ ತಿಮಿಂಗಿಲವನ್ನು ಹಲವು ದೋಣಿಗಳು ಸುತ್ತುವರಿಯುತ್ತಿವೆ ಎಂಬ ದೂರುಗಳ ನಡುವೆ 2012ರಲ್ಲಿ ನಿಯಮಗಳು ಬಂದವು: ನೂರು ಮೀಟರ್ ಅಂತರ ಕಾಯ್ದುಕೊಳ್ಳಬೇಕು. ವ್ಯಾಪಾರ ಬೆಳೆದ ಮೇಲೆ ಬಂದ ನಿಯಮವನ್ನು ಜಾರಿಗೊಳಿಸುವುದು ಎಷ್ಟು ಕಷ್ಟವೆಂಬುದನ್ನು ಆ ದೇಶ ಅಂದಿನಿಂದ ಅನುಭವಿಸುತ್ತಿದೆ. ನಮ್ಮ ಅರಬ್ಬೀ ಸಮುದ್ರದಲ್ಲಿ ಅದಕ್ಕಿಂತ ನಾಜೂಕಾದ ಜೀವವೊಂದಿದೆ. ಇಲ್ಲಿನ ಹಂಪ್‌ಬ್ಯಾಕ್ ತಿಮಿಂಗಿಲಗಳು ಬೇರೆ ಕಡಲುಗಳ ತಮ್ಮ ಬಂಧುಗಳಂತೆ ಧ್ರುವದ ಕಡೆಗೆ ವಲಸೆ ಹೋಗುವುದಿಲ್ಲ. ವರ್ಷವಿಡೀ ಇದೇ ಸಮುದ್ರದಲ್ಲಿರುತ್ತವೆ. 1966ರಲ್ಲಿ ಸೋವಿಯತ್ ತಿಮಿಂಗಿಲ ಬೇಟೆಯ ಹಡಗುಗಳು ಕೆಲವೇ ವಾರಗಳಲ್ಲಿ ಇವುಗಳಲ್ಲಿ 200ಕ್ಕೂ ಹೆಚ್ಚನ್ನು ಕೊಂದವು. ಒಮಾನ್ ತೀರದ ಅಧ್ಯಯನಗಳ ಪ್ರಕಾರ ಉಳಿದಿರುವುದು ನೂರರ ಆಸುಪಾಸು. 2017ರ ಕೊನೆಯಲ್ಲಿ ಒಮಾನ್‌ನಲ್ಲಿ ಉಪಗ್ರಹ ಟ್ಯಾಗ್ ಹಾಕಿದ್ದ ಲುಬಾನ್ ಎಂಬ ಹೆಣ್ಣು ತಿಮಿಂಗಿಲ ಸಮುದ್ರ ದಾಟಿ ಗೋವಾದ ಬಳಿ ಬಂದು, ಪಶ್ಚಿಮ ಕರಾವಳಿ ಹಿಡಿದು ದಕ್ಷಿಣದ ತುದಿಯತ್ತ ಸಾಗಿತು. ಕರ್ನಾಟಕದ ಕಡಲನ್ನು ಹಾದೇ ಹೋಯಿತು ಎಂದಾಯಿತು. ಇಂಥ ಅತಿಥಿ ನೇತ್ರಾಣಿ ದ್ವೀಪದ ಬಳಿಯೋ ಕಾರವಾರದ ಬಳಿಯೋ ಒಂದು ದಿನ ಕಾಣಿಸಿಕೊಂಡರೆ, ವಾಟ್ಸ್ಆ್ಯಪ್ ವಿಡಿಯೊ ನೋಡಿ ಓಡಿಬರುವ ದೋಣಿಗಳನ್ನು ತಡೆಯಲು ಯಾವ ಸಿದ್ಧತೆಯಿದೆ?

ಮೈಸೂರು ಜಿಲ್ಲೆಯವರಿಗೆ ಕಾಡಿನ ಸಫಾರಿಯ ಶಿಸ್ತು ಹೊಸದಲ್ಲ. ಬಂಡೀಪುರ, ನಾಗರಹೊಳೆಯಲ್ಲಿ ಗೇಟಿದೆ, ಬೆಳಗಿನ ಮತ್ತು ಸಂಜೆಯ ಹೊತ್ತಿನ ಮಿತಿಯಿದೆ, ವಾಹನಗಳ ಲೆಕ್ಕವಿದೆ, ಇಳಿಯಬಾರದು, ಕೂಗಬಾರದು. ಹುಲಿ ಮೀಸಲು ಪ್ರದೇಶದ ಒಳಗಾಡಿನ ಪ್ರವಾಸೋದ್ಯಮವನ್ನು 2012ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತಾತ್ಕಾಲಿಕವಾಗಿ ನಿಲ್ಲಿಸಿತ್ತು. ಅದೇ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿಗಳು ಬಂದ ಮೇಲೆ ಬಾಗಿಲು ತೆರೆಯಿತು. ಆ ನಿಯಮಗಳಲ್ಲಿ ಕೊರತೆಗಳಿವೆ, ಮುರಿಯುವವರೂ ಇದ್ದಾರೆ. ಆದರೂ ಹುಲಿ ಕಾಣದೆ ವಾಪಸಾದ ಸಫಾರಿಯವರು ಟಿಕೆಟ್ ದುಡ್ಡು ವಾಪಸ್ ಕೇಳುವುದಿಲ್ಲ. ಕಾಡು ಕಂಡಿತು, ಜಿಂಕೆ ಕಂಡಿತು, ಹುಲಿ ಮುಂದಿನ ಸಲ ಎಂದುಕೊಂಡು ಬರುತ್ತಾರೆ. ಇದೇ ಮನಸ್ಸು ಕಡಲ ಮೇಲೆ ಬದಲಾಗುವುದೇಕೆ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಹುಲಿಯ ಜೊತೆಯಲ್ಲೇ ಡಾಲ್ಫಿನ್, ತಿಮಿಂಗಿಲಗಳೂ ಇವೆ. ಆ ಕಾಯ್ದೆ ಬೇಟೆಯೆಂದರೆ ಕೊಲ್ಲುವುದು ಎಂದಷ್ಟೇ ಹೇಳಿಲ್ಲ; ಬೆನ್ನಟ್ಟುವುದು, ಅಟ್ಟಾಡಿಸುವುದು, ಆಮಿಷ ಒಡ್ಡುವುದು ಎಲ್ಲವನ್ನೂ ಬೇಟೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ದೋಣಿಯವರ ಮೇಲೆ ಬೇಟೆಯ ಕೇಸು ಹಾಕಿ ಎಂದು ಹೇಳುತ್ತಿಲ್ಲ, ಹಾಗೆ ಮಾಡುವುದು ಅನ್ಯಾಯ. ಆದರೆ ಕಾನೂನಿನ ಆಶಯ ಏನೆಂಬುದರಲ್ಲಿ ಅನುಮಾನವಿಲ್ಲ. ಡಾಲ್ಫಿನ್‌ಗಳನ್ನು ಕೊಳದಲ್ಲಿಟ್ಟು ಆಟ ಆಡಿಸುವ ಡಾಲ್ಫಿನೇರಿಯಂಗಳಿಗೆ ದೇಶದಲ್ಲಿ ಅವಕಾಶವಿಲ್ಲವೆಂದು ಕೇಂದ್ರ ಸರ್ಕಾರ 2013ರಲ್ಲೇ ಹೇಳಿದೆ. ಕೊಳದಲ್ಲಿ ಬೇಡವೆಂದ ಪ್ರದರ್ಶನವನ್ನು ಕಡಲಿನಲ್ಲಿ ಎಂಜಿನ್ ಬಲದಿಂದ ಮಾಡಿಸುವುದು ಸರಿಯಾಗುವುದಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಹೊಟ್ಟೆಪಾಡಿನದು, ಅದು ಹಗುರವಾದ ಆಕ್ಷೇಪವಲ್ಲ. ಮೀನು ಸಿಗದೆ, ಡೀಸೆಲ್ ಖರ್ಚೂ ಹುಟ್ಟದೆ ಪ್ರವಾಸಿಗರನ್ನು ನೆಚ್ಚಿಕೊಂಡ ಮೀನುಗಾರ ಕುಟುಂಬಗಳು ಕರಾವಳಿಯ ಉದ್ದಕ್ಕೂ ಇವೆ. ಜಗತ್ತಿನಲ್ಲಿ ಇದು ಸಣ್ಣ ಉದ್ಯಮವೂ ಅಲ್ಲ: 2008ರಲ್ಲಿ 119 ದೇಶ–ಪ್ರದೇಶಗಳಲ್ಲಿ 1.3 ಕೋಟಿ ಜನ ತಿಮಿಂಗಿಲ, ಡಾಲ್ಫಿನ್ ನೋಡಲು ಹೋಗಿದ್ದರು, 210 ಕೋಟಿ ಡಾಲರ್ ವಹಿವಾಟು ನಡೆದಿತ್ತು ಎಂಬ ಅಂದಾಜಿದೆ. ಆದರೆ ‘ಕಾಣದಿದ್ದರೆ ದುಡ್ಡು ಬೇಡ’ ಎಂಬ ಕರಾರಿನಲ್ಲಿ ಮೊದಲು ಸೋಲುವವನು ದೋಣಿಯವನೇ. ಎರಡು ತಾಸು ಎಂಜಿನ್ ಓಡಿಸಿ, ಎಣ್ಣೆ ಸುಟ್ಟು, ಕಡಲು ಕೊಡದಿದ್ದುದಕ್ಕೆ ಅವನು ಕೈ ಖಾಲಿ ಮಾಡಿಕೊಂಡು ಬರಬೇಕು. ಯಾನಕ್ಕೆ ಇಂತಿಷ್ಟು ಎಂದು ಖಚಿತ ಬಾಡಿಗೆ ನಿಗದಿಯಾದರೆ ಅವನಿಗೆ ಬೆನ್ನಟ್ಟುವ ಹಂಗಿರುವುದಿಲ್ಲ, ಆದಾಯಕ್ಕೂ ಭದ್ರತೆ ಬರುತ್ತದೆ. ಕರಾವಳಿಯ ಜನಕ್ಕೆ ಕಡಲಿಗೆ ಬಿಡುವು ಕೊಡುವುದು ಗೊತ್ತಿಲ್ಲದ ವಿಷಯವೂ ಅಲ್ಲ. ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರೀಕೃತ ಮೀನುಗಾರಿಕೆ ನಿಲ್ಲುತ್ತದೆ. ಮೀನು ಮರಿ ಮಾಡಲಿ ಎಂದು ಸಾವಿರಾರು ಮನೆಗಳು ಎರಡು ತಿಂಗಳ ಸಂಪಾದನೆ ಬಿಡುತ್ತವೆ. ಅವರು ಇಷ್ಟು ಬಿಟ್ಟಿರುವಾಗ ಪ್ರವಾಸಕ್ಕೆ ಬಂದ ನಾವು ಒಂದು ಫೋಟೊ ಬಿಡಲಾರೆವು ಎನ್ನುವುದು ಯಾವ ನ್ಯಾಯ?

ಎರಡನೆಯ ಆಕ್ಷೇಪ: ಡಾಲ್ಫಿನ್‌ಗಳನ್ನು ನಿಜವಾಗಿ ಕೊಲ್ಲುತ್ತಿರುವುದು ಬಲೆಗಳು, ಪ್ರವಾಸಿ ದೋಣಿಗಳನ್ನು ಹಿಡಿದುಕೊಂಡು ಕೂತರೆ ಏನು ಬಂತು? ಈ ಮಾತಿನಲ್ಲಿ ಸತ್ಯವಿದೆ. ಮೀನಿಗೆ ಹಾಕಿದ ಗಿಲ್‌ನೆಟ್ ಬಲೆಗೆ ಸಿಕ್ಕಿ, ಉಸಿರಿಗೆ ಮೇಲೆ ಬರಲಾಗದೆ ಸಾಯುವುದು ಲೋಕದೆಲ್ಲೆಡೆ ಇವುಗಳ ಸಾವಿನ ಮುಖ್ಯ ಕಾರಣ. ಬಂದರು ವಿಸ್ತರಣೆ, ಹೂಳೆತ್ತುವಿಕೆ, ನದಿಗಳಿಂದ ಬರುವ ವಿಷ ಇವೆಲ್ಲ ಸೇರಿ ಅವು ಬದುಕುವ ಕಡಲಪಟ್ಟಿಯನ್ನು ಕಿರಿದು ಮಾಡುತ್ತಿವೆ. ಆದರೆ ಈಗಾಗಲೇ ಇಷ್ಟು ಹೊರೆ ಹೊತ್ತ ಸಣ್ಣ ಗುಂಪಿಗೆ ಇನ್ನೊಂದು ಹೊರೆ ಏರಿಸಲು ಅದು ಸಮರ್ಥನೆಯಾಗದು. ಏರಿಸಬಾರದು ಎನ್ನಲು ಅದೇ ಕಾರಣ. ಇನ್ನೊಂದು ವ್ಯತ್ಯಾಸವೂ ಇದೆ. ಬಲೆ ಬೀಸುವವನಿಗೆ ಡಾಲ್ಫಿನ್ ಬೇಕಿಲ್ಲ, ಅದು ಸಿಕ್ಕರೆ ಬಲೆ ಹರಿದು ಅವನಿಗೇ ನಷ್ಟ. ಪ್ರವಾಸಿ ದೋಣಿ ಮಾತ್ರ ಡಾಲ್ಫಿನ್ ಅನ್ನೇ ಹುಡುಕಿಕೊಂಡು ಹೋಗುತ್ತದೆ. ಮೀನುಗಾರಿಕೆಯ ಬಲೆ ಬದಲಿಸಲು ಸಂಶೋಧನೆ, ಸಹಾಯಧನ, ವರ್ಷಗಟ್ಟಲೆ ಮಾತುಕತೆ ಬೇಕು. ದೋಣಿಯನ್ನು ನೂರು ಮೀಟರ್ ಹಿಂದೆ ನಿಲ್ಲಿಸಲು ಬೇಕಾದದ್ದು ಕೂತವರ ಒಪ್ಪಿಗೆ.

ನೋಡಿದರೆ ತಾನೇ ಪ್ರೀತಿ ಹುಟ್ಟುವುದು, ದೂರ ಇಟ್ಟರೆ ನಮ್ಮ ಮಕ್ಕಳಿಗೆ ಕಡಲ ಜೀವಿಗಳ ಮೇಲೆ ಅಕ್ಕರೆ ಬರುವುದು ಹೇಗೆ ಎಂದು ಕೇಳುವವರೂ ಇದ್ದಾರೆ. ನೋಡಬೇಡಿ ಎಂದು ಯಾರೂ ಹೇಳುತ್ತಿಲ್ಲ. ಓಡುತ್ತಿರುವ ಬೆನ್ನನ್ನು ಮೂರು ಸೆಕೆಂಡು ಕಂಡ ಮಗುವಿಗಿಂತ, ಎಂಜಿನ್ ನಿಲ್ಲಿಸಿದ ದೋಣಿಯಲ್ಲಿ ಇಪ್ಪತ್ತು ನಿಮಿಷ ಕೂತು ಗುಂಪೊಂದು ಮೀನು ಸುತ್ತುಗಟ್ಟುವುದನ್ನು ನೋಡಿದ ಮಗು ಹೆಚ್ಚು ಕಲಿಯುತ್ತದೆ. ಹಂಪ್‌ಬ್ಯಾಕ್ ಡಾಲ್ಫಿನ್ ದಡಕ್ಕೆ ಅಂಟಿಕೊಂಡಿರುವ ಜಾತಿಯಾದ್ದರಿಂದ ದೋಣಿಯೇ ಬೇಕೆಂದೂ ಇಲ್ಲ. ಗೋಕರ್ಣದ ಕುಡ್ಲೆ, ಓಂ ಕಡಲತೀರಗಳ ಮೇಲಿನ ಗುಡ್ಡದಿಂದ, ಕಾಳಿ ಅಳಿವೆಗೆ ಮುಖಮಾಡಿದ ಸದಾಶಿವಗಡದಿಂದ, ಅಲೆ ಶಾಂತವಾಗಿರುವ ಬೆಳಗಿನಲ್ಲಿ ಒಂದು ಸಾಧಾರಣ ಬೈನಾಕ್ಯುಲರ್ ಸಾಕು; ತಾಳ್ಮೆಯಿದ್ದವರಿಗೆ ಬರಿಗಣ್ಣೂ ಸಾಕಾಗಬಹುದು. ಅಲ್ಲಿಂದ ನೋಡಿದಾಗ ಕಾಣುವುದು ನಮ್ಮಿಂದ ತಪ್ಪಿಸಿಕೊಳ್ಳುತ್ತಿರುವ ಪ್ರಾಣಿಯಲ್ಲ, ತನ್ನ ಪಾಡಿಗೆ ತಾನು ಬದುಕುತ್ತಿರುವ ಪ್ರಾಣಿ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವೇ ಇದೆ. ಅಲ್ಲಿನ ವಿದ್ಯಾರ್ಥಿಗಳು ರಜೆಯ ದಿನಗಳಲ್ಲಿ ಗುಡ್ಡದ ಮೇಲೆ ನಿಂತು ಪ್ರವಾಸಿಗರಿಗೆ ವಿವರಿಸುವಂತಾದರೆ ಅದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಡಾಲ್ಫಿನ್‌ಗಳೇ ದೋಣಿಯ ಮೂತಿಯ ಬಳಿ ಬಂದು ಆಡುತ್ತವಲ್ಲ ಎನ್ನುವ ಮಾತೂ ಆಗಾಗ ಕೇಳಿಬರುತ್ತದೆ. ಸ್ಪಿನ್ನರ್, ಬಾಟಲ್‌ನೋಸ್ ಡಾಲ್ಫಿನ್‌ಗಳು ಹಾಗೆ ಬರುವುದುಂಟು. ದಡದ ಹಂಪ್‌ಬ್ಯಾಕ್ ಡಾಲ್ಫಿನ್ ಸಂಕೋಚದ ಪ್ರಾಣಿ, ದೋಣಿಯ ಮುಂದೆ ಆಡುವುದು ಅಪರೂಪ. ತಾನಾಗಿ ಬಂದರೆ ಬರಲಿ, ಆಗ ದೋಣಿ ತನ್ನ ವೇಗ, ದಿಕ್ಕು ಬದಲಿಸದೆ ಸಾಗಿದರಾಯಿತು. ಹತ್ತಿರ ಬರುವುದೋ ಬೇಡವೋ ಎಂಬ ತೀರ್ಮಾನ ಅದರದಾಗಿರಬೇಕು.

ಇದನ್ನೆಲ್ಲ ಆರಂಭಿಸಬೇಕಾದವರು ಯಾರು ಎಂದರೆ, ದಾರಿ ತೋರಿಸುವ ಶಕ್ತಿ ರಾಜ್ಯ ಸರ್ಕಾರದ ಕೈಯಲ್ಲೇ ಇದೆ. ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಕಬಿನಿಯ ದಡದ ವಸತಿಗೃಹ ನಡೆಸುವ, ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್ ಸಂಸ್ಥೆಯೇ ಕಾರವಾರದ ದೇವಬಾಗದ ವಸತಿಯನ್ನೂ ನಡೆಸುತ್ತದೆ. ಕಾಡಿನಲ್ಲಿ ಪಾಲಿಸುವ ಶಿಸ್ತನ್ನು ಅದೇ ಸಂಸ್ಥೆ ಕಡಲಿನಲ್ಲಿ ಬರೆದು, ಬೋರ್ಡು ಹಾಕಿ, ತನ್ನ ಜೆಟ್ಟಿಯಿಂದಲೇ ಜಾರಿಗೆ ತರಬಹುದು: ಐವತ್ತರಿಂದ ನೂರು ಮೀಟರ್ ಅಂತರ, ಒಂದು ಗುಂಪಿನ ಬಳಿ ಏಕಕಾಲಕ್ಕೆ ಎರಡಕ್ಕಿಂತ ಹೆಚ್ಚು ದೋಣಿ ಇಲ್ಲ, ಎದುರಿನಿಂದಾಗಲಿ ಹಿಂದಿನಿಂದಾಗಲಿ ನುಗ್ಗದೆ ಮಗ್ಗುಲಲ್ಲೇ ನಿಧಾನ ಸಾಗುವುದು, ಮರಿಯಿರುವ ಗುಂಪು ಕಂಡರೆ ವಾಪಸ್. ದೋಣಿಗೆ ಪರವಾನಗಿ ಕೊಡುವ ಇಲಾಖೆ ಲೈಫ್ ಜಾಕೆಟ್ ಎಣಿಸುವುದರ ಜೊತೆಗೆ ಈ ನಿಯಮಗಳನ್ನೂ ಪರವಾನಗಿಯ ಷರತ್ತಾಗಿ ಸೇರಿಸಬೇಕು, ದರ್ಶನದ ಖಾತರಿ ಕೊಡುವ ಜಾಹೀರಾತನ್ನು ನಿಲ್ಲಿಸಬೇಕು. ಇನ್ನು ನಮ್ಮ ಕಡೆಯ ಟೂರ್ ಏಜೆಂಟರು, ಡಿಸೆಂಬರಿನಲ್ಲಿ ಮಕ್ಕಳನ್ನು ಕರಾವಳಿಗೆ ಕರೆದೊಯ್ಯುವ ಶಾಲೆಗಳು. ಮುಂದಿನ ಪ್ರವಾಸದ ಕರಪತ್ರದಲ್ಲಿ ‘ಡಾಲ್ಫಿನ್ ದರ್ಶನ’ ಎಂದು ಬರೆಯುವ ಜಾಗದಲ್ಲಿ ‘ಕಡಲಯಾನ’ ಎಂದು ಬರೆಯಲಿ. ದೋಣಿಯವನ ಜೊತೆ ಬಾಡಿಗೆ ಮಾತಾಡುವಾಗಲೇ, ಕಂಡರೂ ಕಾಣದಿದ್ದರೂ ಪೂರ್ತಿ ದುಡ್ಡು ಕೊಡುತ್ತೇವೆ, ಹತ್ತಿರ ಹೋಗುವುದು ಬೇಡ, ಕಂಡ ಕೂಡಲೇ ಎಂಜಿನ್ ನ್ಯೂಟ್ರಲ್‌ಗೆ ಹಾಕಿ ಎಂದು ಹೇಳಿಬಿಡಲಿ.